ಭಾಷಾವಿಜ್ಞಾನದಲ್ಲಿ ಎಂಎ ಮುಗಿಯುತ್ತಾ ಬಂತು, ಮುಂದೇನು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬೇಲೂರು ಕಡೆಯವರು, ಮೈಸೂರಿನಲ್ಲಿ ಭಾಷಾವಿಜ್ಞಾನ ಎಂಎ ಕೊನೇ ಸೆಮಿಸ್ಟರ್, ಮನೆಯಲ್ಲಿ "ಇದನ್ನ ಓದಿ ಯಾವ ಕೆಲ್ಸ ಸಿಗುತ್ತೆ, ಸುಮ್ನೆ ಬಿಎಡ್ ಮಾಡು" ಅಂತಿದ್ದಾರೆ, ಪಿಎಚ್‌ಡಿಗೆ ಹೋಗಲಾ, ಬೆಂಗಳೂರಿಗೆ ಹೋಗಲಾ ಎಂದು ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ಅರಕಲಗೂಡು ತಾಲ್ಲೂಕಿನ ನಮ್ಮ ಮನೆ ಜಗಲಿಯಲ್ಲೂ ಇದೇ ಪಂಚಾಯ್ತಿ ನಡೆದಿತ್ತು. "ಅಷ್ಟು ಓದಿದ್ಯಲ್ಲ, ಎಷ್ಟು ಭಾಷೆ ಬರುತ್ತೆ?" ಎಂದು ನೆಂಟರು ಕೇಳಿದರು. "ಎರಡೂವರೆ" ಅಂದೆ. ಅರ್ಧ ಹಿಂದಿ. ಅಲ್ಲಿಗೆ ನನ್ನ ಮರ್ಯಾದೆ ಮುಗೀತು.

ಆವತ್ತು ಉಪಯೋಗಕ್ಕೆ ಬರುವ ಮಾತು ಆಡಿದ್ದು ದೊಡ್ಡಪ್ಪ ಒಬ್ಬರೇ. ಸಕಲೇಶಪುರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. "ನಿನ್ನ ಓದು ಮೆಣಸಿನ ಬಳ್ಳಿ ಇದ್ದಂಗೆ ಕಣೋ. ಬೆಲೆ ಏನೋ ಇದೆ. ಹಬ್ಬಕ್ಕೆ ಒಂದು ಮರ ನೋಡ್ಕೋ" ಅಂದರು. ನಿಮಗೂ ನಾನು ಹೇಳುವುದು ಅದನ್ನೇ. 'ಭಾಷಾವಿಜ್ಞಾನಿ ಬೇಕಾಗಿದ್ದಾರೆ' ಎಂಬ ಜಾಹೀರಾತು ವರ್ಷಕ್ಕೆ ನಾಲ್ಕು ಕಂಡರೆ ಹೆಚ್ಚು. ಆದರೆ ಇದರ ಜೊತೆ ಇನ್ನೊಂದು ವಿದ್ಯೆ ಇದ್ದರೆ ಕರೆದು ಕೆಲಸ ಕೊಡುವವರಿದ್ದಾರೆ. ಯಾವ ಮರ ಅನ್ನೋದನ್ನ ಈ ವರ್ಷವೇ ನಿರ್ಧಾರ ಮಾಡಿ.

ಮೊದಲು ಮನೆಯವರ ಬಿಎಡ್ ಮಾತು. ಅದರಲ್ಲಿ ಒಂದು ಗುಂಡಿ ಇದೆ. ಪಿಯು ಕಾಲೇಜಿನ ಉಪನ್ಯಾಸಕರಾಗಲು ಆಯಾ ವಿಷಯದಲ್ಲೇ ಎಂಎ, ಶೇ 55 ಅಂಕ ಮತ್ತು ಬಿಎಡ್ ಕೇಳುತ್ತಾರೆ. ಪಿಯುನಲ್ಲಿ ಭಾಷಾವಿಜ್ಞಾನ ಎಂಬ ವಿಷಯವೇ ಇಲ್ಲ. ಅಂದರೆ ನಿಮ್ಮ ಎಂಎ ಇಟ್ಟುಕೊಂಡು ಕನ್ನಡ ಉಪನ್ಯಾಸಕರ ಹುದ್ದೆಗೆ ಅರ್ಜಿ ಹಾಕೋಕೆ ಆಗಲ್ಲ. ಪಾಠ ಮಾಡುವುದೇ ಇಷ್ಟ ಎಂದಾದರೆ ಕನ್ನಡ ಎಂಎ ಕೂಡ ಮಾಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದಲ್ಲಿ ಮಾಡಬಹುದು. ಒಂದು ಪದವಿಗೆ ತರಗತಿಗೆ ಹೋಗುತ್ತಲೇ ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಲು ಯುಜಿಸಿ 2022ರಿಂದ ಒಪ್ಪಿದೆ. ಹಳಗನ್ನಡ ವ್ಯಾಕರಣ, ಛಂದಸ್ಸು ನಿಮಗೆ ನೀರು ಕುಡಿದಷ್ಟು ಸುಲಭ. ನನ್ನ ಇಬ್ಬರು ಸಹಪಾಠಿಗಳು ಹೀಗೇ ಮಾಡಿ ಇವತ್ತು ಸರ್ಕಾರಿ ಕೆಲಸದಲ್ಲಿ ಆರಾಮಾಗಿದ್ದಾರೆ. ನನಗಿಂತ ಮೊದಲು ಸೈಟು ತಗೊಂಡವರೂ ಅವರೇ.

ಪಿಎಚ್‌ಡಿ ಬಗ್ಗೆ. ಕಾಲೇಜು ಮೇಷ್ಟ್ರಾಗಲು, ಸಂಶೋಧನೆ ಮಾಡಲು ಬರೆಯುವ ನೆಟ್ ಪರೀಕ್ಷೆಯಲ್ಲಿ ಭಾಷಾವಿಜ್ಞಾನ ಬೇರೆಯೇ ವಿಷಯ, ಕೋಡ್ 31. ಜೂನ್, ಡಿಸೆಂಬರ್ ಎಂದು ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎಂಎ ಕೊನೇ ವರ್ಷದಲ್ಲಿ ಇರುವಾಗಲೇ ಬರೆಯಬಹುದು, ಹಾಗಾಗಿ ಮುಂದಿನ ಸಲದ್ದನ್ನು ಬಿಡಬೇಡಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಇನ್ನೊಂದು ಬಾಗಿಲು ಬಹಳ ಜನಕ್ಕೆ ಗೊತ್ತಿಲ್ಲ. ಗೇಟ್ ಅಂದರೆ ಎಂಜಿನಿಯರುಗಳದ್ದು ಅಂತ ನಾವೆಲ್ಲ ಅಂದುಕೊಂಡಿದ್ದೀವಿ, ಅಲ್ವಾ? 2021ರಿಂದ ಅದರಲ್ಲಿ ಮಾನವಿಕ ವಿಷಯಗಳಿಗೂ ಒಂದು ಪತ್ರಿಕೆ ಇದೆ, ಅದರಲ್ಲಿ ಭಾಷಾವಿಜ್ಞಾನವನ್ನು ಆರಿಸಿಕೊಳ್ಳಬಹುದು. ಐಐಟಿಗಳ ಮಾನವಿಕ ವಿಭಾಗಗಳಲ್ಲಿ ಪಿಎಚ್‌ಡಿಗೆ ಅದು ಕೈ ಹಿಡಿಯುತ್ತದೆ. ಹೈದರಾಬಾದ್ ಕೂಡ ನೋಡಿ. ನಮ್ಮ ವಿಷಯಕ್ಕೆ ಇಷ್ಟು ಜಾಗ ಒಂದೇ ಊರಿನಲ್ಲಿರುವುದು ಅಪರೂಪ: ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭಾಷಾವಿಜ್ಞಾನ ಮತ್ತು ಭಾಷಾಂತರ ಕೇಂದ್ರ, ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾದ ಇಫ್ಲು, ಉಸ್ಮಾನಿಯಾ ವಿಶ್ವವಿದ್ಯಾಲಯ, ಐಐಐಟಿ.

ಆದರೆ ಪಿಎಚ್‌ಡಿ ಮುಗಿಸಿದ ಕೂಡಲೇ ಮೇಷ್ಟ್ರ ಕೆಲಸ ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ. ಭಾಷಾವಿಜ್ಞಾನ ವಿಭಾಗ ಇರುವ ವಿಶ್ವವಿದ್ಯಾಲಯಗಳೇ ಕಡಿಮೆ. ಇರುವ ಕಡೆ ಹುದ್ದೆ ತುಂಬುವುದು ಅಪರೂಪ. ಒಂದು ಪ್ರಶ್ನೆ ನಿಮ್ಮನ್ನು ನಿದ್ದೆಗೆಡಿಸುತ್ತಿದ್ದರೆ ಮಾತ್ರ ಹೋಗಿ. ಹೊತ್ತು ಕಳೆಯಲು ಬೇಡ.

ಇನ್ನು ನನ್ನ ದಾರಿ, ಕಂಪ್ಯೂಟರಿನದು. ಎಂಎ ಮುಗಿಸಿ ಬೆಂಗಳೂರಿನ ಒಂದು ಕಂಪನಿಗೆ ಸೇರಿದೆ. ಹುದ್ದೆಯ ಹೆಸರು ಲಿಂಗ್ವಿಸ್ಟ್. ಮಾಡಿದ ಕೆಲಸ, ಹೆಡ್‌ಫೋನ್ ಹಾಕ್ಕೊಂಡು ದಿನಕ್ಕೆ ನಾನೂರು ತುಣುಕು ಆಡಿಯೋ ಕೇಳಿ ಬರೆದಿಡುವುದು. ರೈತರು ಫೋನಿನಲ್ಲಿ ಆಡಿದ ಮಾತು, ಅದನ್ನು ಗುರುತಿಸಲು ಯಂತ್ರಕ್ಕೆ ಕಲಿಸುವುದಕ್ಕೆ. ಎರಡನೇ ವಾರ ಒಂದು ತುಣುಕು ಬಂತು: "ಆಲಿನ ರೇಟು ಇಳ್ದೋಯ್ತು." ಹುಬ್ಬಳ್ಳಿ ಕಡೆಯ ಹುಡುಗ ಅದನ್ನು ಆಲೂಗೆಡ್ಡೆ ಎಂದು ಗುರುತು ಹಾಕಿದ್ದ. ತಪ್ಪಲ್ಲ ಬಿಡಿ, ಮಾತಾಡಿದ್ದು ಹಾಸನದವರು, ಹಾಸನ ಅಂದರೆ ಆಲೂಗೆಡ್ಡೆ. ಆದರೆ ನನಗೆ ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು, ಅದು ಡೈರಿಗೆ ಹಾಕುವ ಹಾಲು. ನಮ್ಮ ಕಡೆ 'ಹ' ಎಲ್ಲಿ ಉಳಿದಿದೆ? ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದೇ "ಆಸ್ನಾ, ಆಸ್ನಾ" ಎಂದು.

ಟೀಮ್ ಲೀಡ್ ಬಂದು "ಇದು ಉಚ್ಚಾರಣೆ ದೋಷ ಅಂತ ಬರೀರಿ" ಎಂದರು. ನನಗೆ ತಡೆಯಲಿಲ್ಲ. ದೋಷ ಅಲ್ಲ ಸಾರ್, ಅದಕ್ಕೊಂದು ಕಟ್ಟಳೆ ಇದೆ ಎಂದೆ. ನಿಮ್ಮ ಬೇಲೂರು ತಾಲ್ಲೂಕಿನದ್ದೇ ಉದಾಹರಣೆ ಕೊಟ್ಟೆ. ಕ್ರಿ.ಶ. 450ರ ಸುಮಾರಿನದು ಎನ್ನುವ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು 'ಪಲ್ಮಡಿ' ಎಂದಿದೆ. ಹಳಗನ್ನಡದ 'ಪಾಲ್' ಆಮೇಲೆ 'ಹಾಲು' ಆಯಿತು, 'ಪಲ್ಮಡಿ' ಹಲ್ಮಿಡಿ ಆಯಿತು. ಆ 'ಹ' ಕೂಡ ನಮ್ಮ ಕಡೆ ಉದುರಿ 'ಆಲು' ಆಗಿದೆ. 'ಪ' ಮೊದಲು 'ಹ' ಆಗಿ, ಆಮೇಲೆ ಅದೂ ಹೋಯಿತು, ಅಷ್ಟೇ. ಮಾತಿನ ಮೊದಲಲ್ಲಿ 'ಹ' ಕಾಣದಿದ್ದರೆ ಎರಡೂ ರೂಪ ಹುಡುಕಿ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಸಾವಿರಾರು ತಪ್ಪು ಒಂದೇ ಸಲ ಸರಿ ಹೋಗುತ್ತವೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಮರುದಿನದಿಂದ ನನ್ನನ್ನು ಬರೆಯುವ ಕೆಲಸದಿಂದ ತೆಗೆದು ನಿಯಮ ಬರೆಯುವ ಕೆಲಸಕ್ಕೆ ಹಾಕಿದರು.

ನಮ್ಮ ಓದು ಉಪಯೋಗಕ್ಕೆ ಬರುವುದು ಇಂಥ ಕಡೆ. ಕನ್ನಡ ಗೊತ್ತಿರುವವರು ಕೋಟಿಗಟ್ಟಲೆ ಇದ್ದಾರೆ, ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿರುವವರು ಬೆಂಗಳೂರಿನ ಪ್ರತಿ ಪಿಜಿಯಲ್ಲೂ ಇದ್ದಾರೆ. ಎರಡರ ನಡುವೆ ನಿಂತು "ಇದು ತಪ್ಪಲ್ಲ, ಇದು ಕಟ್ಟಳೆ" ಎಂದು ಹೇಳುವವರು ಕಡಿಮೆ. ಕೇಂದ್ರ ಸರ್ಕಾರದ ಭಾಷಾಂತರ ಯೋಜನೆ ಭಾಷಿಣಿ 2022ರಲ್ಲಿ ಶುರುವಾದ ಮೇಲೆ, ಐಐಟಿ ಮದ್ರಾಸಿನ ಎಐ4ಭಾರತ್‌ನಂಥ ತಂಡಗಳು ಬಂದ ಮೇಲೆ ಈ ಕೆಲಸ ಹೆಚ್ಚಿದೆ. ಬೆಂಗಳೂರಿನ ಐಐಎಸ್‌ಸಿಯ ರೆಸ್ಪಿನ್ ಯೋಜನೆಯಲ್ಲಿ ಕನ್ನಡದ ಬೇರೆ ಬೇರೆ ಒಳನುಡಿಗಳ ಮಾತನ್ನೇ ಕಲೆಹಾಕಿದ್ದಾರೆ.

ಕಹಿಯನ್ನೂ ಹೇಳಿಬಿಡುತ್ತೇನೆ. ಇವು ಬಹುತೇಕ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್ ಕೆಲಸಗಳು. ಒಂದು ಕಂಪನಿ ಮೂರು ತಿಂಗಳು ಸಂಬಳ ಸತಾಯಿಸಿ, ಪ್ರಾಜೆಕ್ಟ್ ಮುಗಿಯಿತು ಎಂದು ಒಂದು ಶುಕ್ರವಾರ ಸಂಜೆ ಇಮೇಲ್ ಕಳಿಸಿತು. ಹಾಗಾಗಿ ಬರೀ ಆಡಿಯೋ ಬರೆಯುವ ಕೆಲಸದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇರಬೇಡಿ. ಅಷ್ಟರಲ್ಲಿ ಪೈಥಾನ್ ಕಲಿಯಿರಿ. ದೊಡ್ಡ ಕೋರ್ಸಿಗೆ ದುಡ್ಡು ಸುರಿಯಬೇಕಿಲ್ಲ, ಒಂದು ನಿಜವಾದ ತೊಂದರೆ ಹಿಡಿದು ಕೂರಿ. ನನ್ನದು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲುಗಳು. ನಮ್ಮ ಕಚೇರಿಗಳಲ್ಲಿ, ಪ್ರೆಸ್ಸುಗಳಲ್ಲಿ ಹಳೇ ನುಡಿಯಲ್ಲಿ ಟೈಪ್ ಮಾಡಿಟ್ಟ ರಾಶಿ ಬರಹ ಬಿದ್ದಿದೆ, ಅದನ್ನು ಈಗಿನ ಎಲ್ಲ ಕಂಪ್ಯೂಟರಿಗೂ ಓದಲು ಬರುವ ಯೂನಿಕೋಡಿಗೆ ತರಬೇಕು. 'ಕರ್ನಾಟಕ' ಎಂಬ ಪದವನ್ನೇ ನೋಡಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, 'ನಾ' ಆದ ಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚರಿಸುವ ಕ್ರಮ, 'ರ್' ಮೊದಲು, 'ನಾ' ಆಮೇಲೆ. ಅದನ್ನು ಹಿಡಿದು ಒಂದು ಅಕ್ಷರ ಹಿಂದಕ್ಕೆ ದಾಟಿಸಬೇಕು. ಇಷ್ಟಕ್ಕೇ ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಕಲಿತಿದ್ದು ಯಾವ ಸರ್ಟಿಫಿಕೇಟಿನಲ್ಲೂ ಇರಲಿಲ್ಲ.

ಮೈಸೂರಿನಲ್ಲೇ ಇದ್ದೀರಲ್ಲ, ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನಕ್ಕೆ ಹೋಗಿದ್ದೀರಾ? 1969ರಲ್ಲಿ ಶುರುವಾದದ್ದು. ಅಲ್ಲಿನ ಯೋಜನೆಗಳಿಗೆ ಆಗಾಗ ತಾತ್ಕಾಲಿಕ ಹುದ್ದೆ ಕರೆಯುತ್ತಾರೆ. ವೆಬ್‌ಸೈಟ್ ನೋಡುತ್ತಿರಿ, ಅದಕ್ಕಿಂತ ಲೈಬ್ರರಿಗೆ ಹೋಗಿ ಕೂರಿ. ಯಾವ ಹುದ್ದೆ ಬರುತ್ತಿದೆ ಎಂಬುದು ನೋಟಿಸ್ ಬೋರ್ಡಿಗಿಂತ ಮೊದಲು ಕ್ಯಾಂಟೀನಿಗೆ ತಲುಪಿರುತ್ತದೆ.

ಒಂದು ತಪ್ಪು ಕಲ್ಪನೆ ಬಿಡಿಸಿಬಿಡುತ್ತೇನೆ. ಅದೇ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಾನೂ ಅಲ್ಲಿ ಸ್ಪೀಚ್ ಥೆರಪಿಸ್ಟ್ ಆಗಬಹುದಲ್ಲ ಎಂದು ನನ್ನ ಜೂನಿಯರುಗಳು ಕೇಳುತ್ತಿರುತ್ತಾರೆ. ಆಗಲ್ಲ. ಅದು ಪಿಯು ವಿಜ್ಞಾನ ಮುಗಿಸಿ ವಾಕ್ ಶ್ರವಣದ ಪದವಿಯಾದ ಬಿಎಎಸ್‌ಎಲ್‌ಪಿ ಮಾಡಿದವರ ದಾರಿ, ಚಿಕಿತ್ಸೆ ಕೊಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಯುಪಿಎಸ್‌ಸಿಯಲ್ಲೂ ಭಾಷಾವಿಜ್ಞಾನ ಐಚ್ಛಿಕ ವಿಷಯವಾಗಿ ಇಲ್ಲ. ಕನ್ನಡ ಸಾಹಿತ್ಯ ತಗೊಂಡರೆ ಅದರ ಮೊದಲ ಪತ್ರಿಕೆಯಲ್ಲಿ ಕನ್ನಡ ಭಾಷೆಯ ಚರಿತ್ರೆ ಬರುತ್ತದೆ, ಅಷ್ಟು ಲಾಭ.

ಕೊನೆಗೆ, ದುಡ್ಡಿನ ಲೆಕ್ಕಕ್ಕೆ ಸಿಗದ ಮಾತು. ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದರೆ ದೂರ ಹೋಗಬೇಡಿ. ಹಾಸನದ ಪಕ್ಕ ಕೌಶಿಕದಲ್ಲಿ ಸಂಕೇತಿ ಆಡುವವರಿದ್ದಾರೆ. ತಮಿಳು, ಮಲಯಾಳಕ್ಕೆ ನೆಂಟಸ್ತನ ಇರುವ ಮಾತು, ನೂರಾರು ವರ್ಷ ಕನ್ನಡದ ಜೊತೆ ಬದುಕಿ ಬೇರೆಯೇ ಆಗಿದೆ. ನಮ್ಮೂರಿನಲ್ಲಿ ಪಕ್ಕದ ಮನೆ ಅಜ್ಜಿ ಸಂಕೇತಿಯಲ್ಲಿ ಕೇಳಿದರೆ ಮೊಮ್ಮಕ್ಕಳು ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳ ದಾಖಲೆಗೆಂದೇ ಭಾಷಾ ಸಂಸ್ಥಾನದಲ್ಲಿ 2013ರಿಂದ ಒಂದು ಯೋಜನೆ ಇದೆ. ಅಷ್ಟು ಚಿಕ್ಕದಲ್ಲದ, ಆದರೆ ಮನೆಯೊಳಗೇ ಸದ್ದಿಲ್ಲದೆ ಕರಗುವ ಇಂಥ ನುಡಿಗಳನ್ನು ನಾವೇ ನೋಡಿಕೊಳ್ಳಬೇಕು. ಮೂಡಿಗೆರೆ, ಕೊಪ್ಪದ ತೋಟದ ಕೂಲಿ ಲೈನುಗಳಿಗೆ ಹೋದರೆ ಒಂದೇ ಸಾಲಿನಲ್ಲಿ ತುಳು, ತಮಿಳು, ಈಗ ಅಸ್ಸಾಮಿಯೂ ಕೇಳಿಸುತ್ತದೆ. ಅವರೆಲ್ಲ ಒಬ್ಬರಿಗೊಬ್ಬರು ಯಾವ ಕನ್ನಡದಲ್ಲಿ ಮಾತಾಡ್ತಾರೆ? ನನಗೆ ಬಿಡುವಿದ್ದಿದ್ದರೆ ನಾನೇ ಇದನ್ನು ತಗೊಳ್ಳುತ್ತಿದ್ದೆ.

ಬೆಂಗಳೂರಿಗೆ ಈಗಲೇ ಬೇಡ. ಪರೀಕ್ಷೆ ಮುಗಿಸಿ ಊರಿಗೆ ಬನ್ನಿ, ನೆಟ್ ಬರೆಯಿರಿ, ದನಿ ಅಳೆದು ನೋಡುವ ಪ್ರಾಟ್ ಮತ್ತು ರೆಕಾರ್ಡಿಂಗಿಗೆ ಬರಹ ಜೋಡಿಸುವ ಎಲಾನ್ ಎಂಬ ತಂತ್ರಾಂಶ ಎರಡನ್ನೂ ಇಳಿಸಿಕೊಳ್ಳಿ, ಎರಡೂ ಪುಕ್ಕಟೆ. ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ಒಂದು ಗಂಟೆ ಮಾತಾಡಿಸಿ, ಸರಿಯಾಗಿ ಬರೆದಿಡಿ. ಇಂಟರ್ವ್ಯೂನಲ್ಲಿ ಅಂಕಪಟ್ಟಿಗಿಂತ ಮೊದಲು ಅದನ್ನು ತೋರಿಸಿ. ನನ್ನ ಮೊದಲ ರೆಕಾರ್ಡಿಂಗ್ ಇಡೀ ಶೀಟಿನ ಮಾಡಿನ ಮೇಲೆ ಬಿದ್ದ ಮಳೆ ಸದ್ದಿಗೇ ಹೋಯಿತು, ಅಜ್ಜಿಯ ದನಿ ಎಲ್ಲೋ ಹಿಂದೆ. ಹಾಗಾಗಿ ಮಳೆ ಇಲ್ಲದ ಹೊತ್ತು ನೋಡಿ, ಫ್ಯಾನ್ ಆರಿಸಿ, ಫೋನಿನಲ್ಲಿ ಎಂಪಿ3 ಬಿಟ್ಟು ವೇವ್ ಫೈಲ್ ಆಗುವಂತೆ ಇಟ್ಟುಕೊಳ್ಳಿ.