ಚಿಕ್ಕ ಗುಡ್ಡ ಅಲ್ವಾ, ಅದಕ್ಕೂ ಹವಾಮಾನ ನೋಡಬೇಕಾ?

ಪ್ರಶ್ನೆ: ಸುಮಾರು 300 ಮೀಟರ್ ಎತ್ತರದ ಒಂದು ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಬೆಳಿಗ್ಗೆ ಮೊಬೈಲ್‌ನಲ್ಲಿ ಸೂರ್ಯನ ಚಿತ್ರ ಇತ್ತು. 12 ಗಂಟೆಗೆ ಹತ್ತಲು ಶುರು ಮಾಡಿ 2ಕ್ಕೆ ತುದಿ ಮುಟ್ಟಿದೆವು, ಅಷ್ಟರಲ್ಲಿ ಗುಡುಗು, ಮಳೆ ಎರಡೂ ಒಟ್ಟಿಗೆ ಬಂದವು. ಮುನ್ಸೂಚನೆ ತಪ್ಪಾಗಿತ್ತಾ? ಮುಂದಿನ ಸಲ ಏನು ನೋಡಿಕೊಂಡು ಹೊರಡಬೇಕು?

ಉತ್ತರ: ಎಲ್ಲರೂ ಕ್ಷೇಮವಾಗಿ ಇಳಿದು ಬಂದಿರಲ್ಲ, ಅದು ದೊಡ್ಡ ಸಮಾಧಾನ. ಮುನ್ಸೂಚನೆ ತಪ್ಪಾಗಿರಲಿಕ್ಕಿಲ್ಲ. ನೀವು ನೋಡಿದ್ದು ಇಡೀ ದಿನಕ್ಕೆ ಹಾಕಿರುವ ಒಂದೇ ಒಂದು ಚಿತ್ರ, ಮಧ್ಯಾಹ್ನ ಒಂದು ಗಂಟೆ ಹೊತ್ತು ಬಂದು ಹೋಗುವ ಮಳೆ ಅದರಲ್ಲಿ ಕಾಣುವುದಿಲ್ಲ. ನೋಡಬೇಕಾದದ್ದು ಗಂಟೆ ಗಂಟೆಯ ಮುನ್ಸೂಚನೆಯನ್ನು. ಅದರಲ್ಲೂ ಹೊರಡುವ ಗಂಟೆಗಿಂತ ನೀವು ತುದಿಯಲ್ಲಿರುವ ಗಂಟೆ, ಇಳಿಯುವ ಗಂಟೆ ಮುಖ್ಯ.

ಆ ಗಂಟೆ ಯಾವುದು ಅಂತ ತಿಳಿಯಲು ಒಂದು ಹಳೆಯ ಲೆಕ್ಕ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಿದ್ದು: 5 ಕಿ.ಮೀ. ನಡಿಗೆಗೆ 1 ಗಂಟೆ, ಮೇಲಕ್ಕೆ ಹತ್ತುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ. 3 ಕಿ.ಮೀ. ದಾರಿಯ ನಿಮ್ಮಂಥ ಗುಡ್ಡಕ್ಕೆ ಒಂದು ಗಂಟೆ ಚಿಲ್ಲರೆ ಆಯಿತು. ಮಕ್ಕಳಿದ್ದರೆ ಅದನ್ನು ಎರಡು ಪಟ್ಟು ಮಾಡಿಕೊಳ್ಳಿ, ಕಡಿಮೆ ಮಾಡಿಕೊಳ್ಳಬೇಡಿ.

ಇನ್ನು ಗುಡುಗು. ಬಿಸಿಲಿಗೆ ನೆಲ ಕಾಯುತ್ತದೆ, ಅದರ ಮೇಲಿನ ತೇವದ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಮೇಲೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಇದಕ್ಕೆಲ್ಲ ಕೆಲವು ಗಂಟೆ ಬೇಕು, ಹಾಗಾಗಿ ಬೆಳಿಗ್ಗೆ ಆಕಾಶ ಶುಭ್ರವಾಗಿದ್ದರೂ ಮಧ್ಯಾಹ್ನದ ಮೇಲೆ ಗುಡುಗುವುದು ಜಾಸ್ತಿ. ಹತ್ತಿಯಂಥ ಮೋಡಗಳು ಅಗಲಕ್ಕಿಂತ ಎತ್ತರಕ್ಕೆ ಬೆಳೆಯುತ್ತಾ, ಬುಡ ಕಪ್ಪಾಗುತ್ತಾ ಬಂದರೆ ಎಷ್ಟೇ ಹತ್ತಿರ ಬಂದಿದ್ದರೂ ವಾಪಸ್ ತಿರುಗಿ. ಸದ್ದು 1 ಕಿ.ಮೀ. ದಾಟಲು ಸುಮಾರು 3 ಸೆಕೆಂಡ್ ಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇದೆ ಅಂದರೆ ಸಿಡಿಲು ಸುಮಾರು 10 ಕಿ.ಮೀ. ದೂರದಲ್ಲಿದೆ, ಅಷ್ಟು ದೂರದಿಂದಲೂ ಅದು ನಿಮ್ಮ ತನಕ ಬರಬಹುದು. ಇಳಿಯಿರಿ. ಒಂಟಿ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಹತ್ತುವ ಮಾತೇ ಬೇಡ, ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಮಳೆಯನ್ನು ಎಲ್ಲರೂ ನೋಡುತ್ತಾರೆ, ಗಾಳಿಯನ್ನು ಯಾರೂ ನೋಡುವುದಿಲ್ಲ. 100 ಮೀಟರ್ ಏರಿದರೆ ಸರಾಸರಿ 0.65 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ, ಅಂದರೆ ನಿಮ್ಮ ಗುಡ್ಡದ ಮೇಲೆ ಬರೀ 2 ಡಿಗ್ರಿ ವ್ಯತ್ಯಾಸ. ಆದರೆ ಮೊಬೈಲ್ ತೋರಿಸುವುದು ಸಾಮಾನ್ಯವಾಗಿ ಕೆಳಗಿನ ಊರಿನ ಗಾಳಿ, ಬೋಳು ನೆತ್ತಿಯ ಮೇಲೆ ಅದು ಇನ್ನೂ ಜೋರು. ಬೆವರಿಗೆ ನೆನೆದ ಬಟ್ಟೆಯಲ್ಲಿ ಆ ಗಾಳಿಗೆ ನಿಂತರೆ ನಡುಕ ಬರುತ್ತದೆ. ಸರಾಸರಿ ವೇಗದ ಪಕ್ಕದಲ್ಲಿ ಥಟ್ಟನೆ ಬೀಸುವ ಗಾಳಿಯ ವೇಗವನ್ನೂ ಕೊಟ್ಟಿರುತ್ತಾರೆ, ಅದನ್ನೇ ನೋಡಿ. ಗಂಟೆಗೆ 50 ಕಿ.ಮೀ. ದಾಟಿದರೆ ದೊಡ್ಡವರಿಗೂ ಎದುರು ನಡೆಯುವುದು ಕಷ್ಟ, ಮಕ್ಕಳ ಜೊತೆ ನಾನಂತೂ ಅದಕ್ಕಿಂತ ತುಂಬಾ ಮೊದಲೇ ಬೇಡ ಅನ್ನುತ್ತೇನೆ.

ಹಿಂದಿನ ದಿನ ಮಳೆ ಬಂದಿತ್ತಾ ಅಂತಲೂ ವಿಚಾರಿಸಿ. ಹತ್ತುವಾಗ ಗೊತ್ತಾಗದ ಪಾಚಿ ಇಳಿಯುವಾಗ ಜಾರಿಸುತ್ತದೆ.

ಪ್ರಶ್ನೆ: ಮಳೆ 40% ಅಂತ ಇದ್ದರೆ ದಿನದಲ್ಲಿ 40% ಹೊತ್ತು ಮಳೆ ಅಂತಲಾ?

ಉತ್ತರ: ಅಲ್ಲ. ಇಂಥದೇ ಮುನ್ಸೂಚನೆ ಇರುವ 10 ದಿನಗಳಲ್ಲಿ ಸುಮಾರು 4 ದಿನ ನೀವಿರುವ ಜಾಗದಲ್ಲಿ ಮಳೆ ಬರುತ್ತದೆ ಅಂತ ಅರ್ಥ. ಎಷ್ಟು ಹೊತ್ತು, ಎಷ್ಟು ಜೋರು ಅನ್ನುವುದು ಆ ಅಂಕಿಯಲ್ಲಿ ಇಲ್ಲ, ಅದಕ್ಕೆ ಪಕ್ಕದಲ್ಲಿರುವ ಮಿಲಿಮೀಟರ್ ಲೆಕ್ಕ ನೋಡಬೇಕು. ಹಿಂದಿನ ರಾತ್ರಿ ಒಮ್ಮೆ ನೋಡಿ, ಹೊರಡುವ ಮುಂಚೆ ಇನ್ನೊಮ್ಮೆ ನೋಡಿ, ಆಮೇಲೆ ಗುಡ್ಡದ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿ. ತುದಿ ಮೋಡದಲ್ಲಿ ಮುಳುಗಿದ್ದರೆ ಮೇಲೆ ದಾರಿಯೂ ಕಾಣುವುದಿಲ್ಲ.