ಹಾಡಿನ ಫೈಲ್ ಫೋಲ್ಡರ್ ಕೂಡ ಆಗಬಹುದೇ?

ಪ್ರಶ್ನೆ: ಹಾಡುಗಳ ಸಂಗ್ರಹಕ್ಕಾಗಿ ಲಿನಕ್ಸ್‌ನಲ್ಲಿ ಫ್ಯೂಸ್ (ಕರ್ನಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಮುಟ್ಟದೆ ಫೈಲ್‌ಸಿಸ್ಟಮ್ ಬರೆಯಲು ಬಿಡುವ ಸೌಕರ್ಯ) ಬಳಸಿ ಪುಟ್ಟದೊಂದು ಫೈಲ್‌ಸಿಸ್ಟಮ್ ಬರೆಯುತ್ತಿದ್ದೇನೆ. ಪ್ರತಿ ಹಾಡಿನ ಫೈಲ್ ಫೋಲ್ಡರಿನಂತೆಯೂ ತೆರೆದುಕೊಂಡು, ಒಳಗೆ ‘ಗಾಯಕ’, ‘ಅವಧಿ’, ‘ವರ್ಷ’ ಎಂಬ ಸಣ್ಣ ಫೈಲ್‌ಗಳು ಸಿಗಬೇಕು, ‘ಕ್ಯಾಟ್’ ಆಜ್ಞೆಯಲ್ಲೇ ಅವನ್ನು ಓದಬೇಕು ಎಂಬುದು ನನ್ನ ಆಸೆ. ನಾನು ಕೊಡುವ ರೇಟಿಂಗ್ ಕೂಡ ಅಲ್ಲೇ ಇರಬೇಕು. ಗೆಳೆಯರು ಮಾತ್ರ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲಿನ ವಿಷಯದ ಹೊರಗೆ ಅದಕ್ಕೆ ಅಂಟಿಸುವ ಹೆಸರು-ಮೌಲ್ಯದ ಚೀಟಿ) ಬಳಸು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಈ ಆಸೆಗೆ ಬಿದ್ದವರಲ್ಲಿ ನೀವು ಮೊದಲಿಗರಲ್ಲ. ರೈಸರ್4 ಫೈಲ್‌ಸಿಸ್ಟಮ್ ಇದನ್ನೇ ಮಾಡಹೊರಟಿತ್ತು. 2004ರಲ್ಲಿ ಲಿನಕ್ಸ್ ಕರ್ನಲ್ ಬರೆಯುವವರ ನಡುವೆ ಅದರ ಬಗ್ಗೆ ದೊಡ್ಡ ಜಗಳವೇ ನಡೆಯಿತು. ರೈಸರ್4 ಮುಖ್ಯ ಕರ್ನಲ್‌ಗೆ ಸೇರಲೇ ಇಲ್ಲ. ಎತ್ತಿದ ಆಕ್ಷೇಪಗಳು ಇಂದಿಗೂ ಹಾಗೆಯೇ ನಿಂತಿವೆ.

ಒಂದೇ ಫೈಲಿಗೆ ಹಾರ್ಡ್ ಲಿಂಕ್ ಮೂಲಕ ಎರಡು ಕಡೆ ಎರಡು ಹೆಸರು ಇರಬಹುದು. ಆ ಫೈಲೇ ಡೈರೆಕ್ಟರಿಯೂ (ಫೋಲ್ಡರೂ) ಆದರೆ ಅದಕ್ಕೆ ಇಬ್ಬರು ಪೋಷಕರು. ಒಳಗೆ ನಿಂತು ಎರಡು ಚುಕ್ಕಿ ಹೊಡೆದು ಮೇಲಕ್ಕೆ ಹೋಗಬೇಕೆಂದರೆ ಯಾವ ಕಡೆಗೆ? ಡೈರೆಕ್ಟರಿಗಳಿಗೆ ಹಾರ್ಡ್ ಲಿಂಕ್ ಕೊಡಬಾರದೆಂದು ಲಿನಕ್ಸ್ ಹಟ ಹಿಡಿದಿರುವುದೇ ಇಂಥ ಗೋಜಲಿನಿಂದ ತಪ್ಪಿಸಿಕೊಳ್ಳಲು. ಡೈರೆಕ್ಟರಿಗಳು ಮರದ ಆಕಾರದಲ್ಲಿವೆ ಎಂದು ನಂಬಿಯೇ ಅದು ಹೆಸರು ಬದಲಿಸುವಾಗ ಲಾಕ್ ಹಾಕುತ್ತದೆ. ಅನುಮತಿಯದು ಇನ್ನೊಂದು ತಕರಾರು. ‘ಎಕ್ಸ್’ ಬಿಟ್‌ಗೆ ಫೈಲಿನ ಮೇಲೆ ‘ಪ್ರೋಗ್ರಾಮಾಗಿ ಓಡಿಸಬಹುದು’ ಎಂಬ ಅರ್ಥ, ಡೈರೆಕ್ಟರಿಯ ಮೇಲೆ ‘ಒಳಗೆ ಹೋಗಬಹುದು’ ಎಂಬ ಅರ್ಥ. ಗಾಯಕನ ಹೆಸರು ಓದಲು ಅವಕಾಶ ಕೊಡಹೋಗಿ ನಿಮ್ಮ ಹಾಡನ್ನು ಓಡಿಸಬಹುದಾದ ಪ್ರೋಗ್ರಾಮ್ ಮಾಡಬೇಕಾಗುತ್ತದೆ. ಇನ್ನು ಫೈಲ್ ಹುಡುಕುವ ‘ಫೈಂಡ್’, ಫೈಲ್‌ಗಳ ಕಟ್ಟು ಮಾಡುವ ‘ಟಾರ್’ ಮುಂತಾದವು ಮೊದಲು ಕೇಳುವ ಪ್ರಶ್ನೆಯೇ ‘ನೀನು ಫೈಲೋ ಡೈರೆಕ್ಟರಿಯೋ’ ಎಂಬುದು. ‘ಎರಡೂ’ ಎಂಬ ಉತ್ತರಕ್ಕೆ ಅವುಗಳಲ್ಲಿ ಜಾಗವಿಲ್ಲ.

ಹೆಸರಿನ ಜೊತೆಗೇ ಒಂದು ಗುರುತು ಸೇರಿಸಿ ಒಳಗೆ ಹೋಗೋಣವೆಂದರೆ, ಯುನಿಕ್ಸ್‌ನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಉಳಿದದ್ದೆಲ್ಲ ಫೈಲ್ ಹೆಸರಿನಲ್ಲಿ ಬರಬಹುದು; ಖಾಲಿ ಉಳಿದ ಚಿಹ್ನೆಯೇ ಇಲ್ಲ. ವಿಂಡೋಸ್‌ನಲ್ಲಿ ಹೆಸರಿನೊಳಗೆ ಕೋಲನ್ ನಿಷಿದ್ಧವಾಗಿದ್ದರಿಂದ ಅದರ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್ ಅದನ್ನು ಪರ್ಯಾಯ ಸ್ಟ್ರೀಮ್‌ಗಳಿಗೆ (ಒಂದೇ ಫೈಲಿನೊಳಗಿನ ಹೆಚ್ಚುವರಿ ದತ್ತಾಂಶಕ್ಕೆ) ಬಳಸಿಕೊಂಡಿತು. ಅದೂ ಎಡವಿತು. 1998ರಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್‌ನಲ್ಲಿ ವಿಳಾಸದ ಕೊನೆಗೆ ಎರಡು ಕೋಲನ್, ಡಾಲರ್ ಚಿಹ್ನೆ, ‘ಡೇಟಾ’ ಎಂದು ಸೇರಿಸಿದರೆ ಪುಟದ ಮೂಲ ಕೋಡೇ ಹೊರಬೀಳುತ್ತಿತ್ತು. ಒಂದೇ ಫೈಲಿಗೆ ಎರಡು ಹೆಸರಿದೆ ಎಂಬುದು ಫೈಲ್‌ಸಿಸ್ಟಮ್‌ಗೆ ಗೊತ್ತಿತ್ತು, ಸರ್ವರ್‌ಗೆ ಗೊತ್ತಿರಲಿಲ್ಲ.

ಹಾಗಾದರೆ ಗೆಳೆಯರ ಮಾತೇ ಸರಿಯೇ? ಅರ್ಧ ಸರಿ. ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗೆ ಬೇರೆಯದೇ ಬಾಗಿಲಿರುವುದರಿಂದ ಮೇಲಿನ ಗೊಂದಲಗಳಿಲ್ಲ. ಆದರೆ ಬಾಗಿಲು ಕಿರಿದು. ಲಿನಕ್ಸ್‌ನಲ್ಲಿ ಆಟ್ರಿಬ್ಯೂಟ್ ಹೆಸರಿಗೆ 255 ಬೈಟ್, ಮೌಲ್ಯಕ್ಕೆ 64 ಕಿಲೋಬೈಟ್ ಮಿತಿ. ಮೌಲ್ಯದ ಒಂದು ತುಂಡನ್ನಷ್ಟೇ ಓದಲು ಅಥವಾ ಬರೆಯಲು ಬಾರದು. ಎರಡು ಆಟ್ರಿಬ್ಯೂಟ್‌ಗಳನ್ನು ಒಟ್ಟಿಗೆ ಬದಲಿಸಲೂ ಬಾರದು. ಗಾತ್ರ ಎಷ್ಟೆಂದು ಮೊದಲು ಕೇಳಿ, ಅಷ್ಟು ಜಾಗ ಮಾಡಿಕೊಂಡು ಮತ್ತೆ ಕೇಳುವಷ್ಟರಲ್ಲಿ ಬೇರೆ ಯಾರೋ ಮೌಲ್ಯವನ್ನು ಹಿಗ್ಗಿಸಿರಬಹುದು. ಆಗ ದೋಷ ಬರುತ್ತದೆ, ಮೊದಲಿನಿಂದ ಶುರುಮಾಡಬೇಕು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಪ್ರಶ್ನೆಯಲ್ಲೇ ಬೆರೆತುಹೋಗಿರುವ ಒಂದು ವ್ಯತ್ಯಾಸ. ಅವಧಿ, ಗಾಯಕ, ವರ್ಷ ಹಾಡಿನ ಫೈಲಿನೊಳಗೇ ಇವೆ. ನೀವು ಅವನ್ನು ಹೆಕ್ಕಿ ತೋರಿಸುತ್ತಿದ್ದೀರಿ ಅಷ್ಟೆ. ರೇಟಿಂಗ್ ಹಾಗಲ್ಲ, ನೀವು ಬರೆದ ಕಡೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೊದಲನೆಯದು ಕಳೆದುಹೋದರೆ ನಷ್ಟವಿಲ್ಲ, ಎರಡನೆಯದು ಹೋದರೆ ಹೋದಂತೆಯೇ. ಆಟ್ರಿಬ್ಯೂಟ್‌ಗಳು ಕಳೆದುಹೋಗಲು ಪೈಪೋಟಿ ನಡೆಸುತ್ತವೆ: ವಿಶೇಷ ಆಯ್ಕೆ ಕೊಡದಿದ್ದರೆ ಲಿನಕ್ಸ್‌ನ ನಕಲು ಆಜ್ಞೆ ‘ಸಿಪಿ’ ಅವನ್ನು ಬಿಟ್ಟುಬಿಡುತ್ತದೆ, ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ಗೆ ಅವನ್ನು ಇಡಲು ಜಾಗವೇ ಇಲ್ಲ, ಹೊಸ ಫೈಲ್ ಬರೆದು ಹಳೆಯ ಹೆಸರಿಗೆ ಬದಲಿಸುವ ತಂತ್ರಾಂಶಗಳು ಎಷ್ಟೋ ಸಲ ಅವನ್ನು ಹಿಂದೆಯೇ ಉಳಿಸುತ್ತವೆ.

ವಿಚಿತ್ರವೆಂದರೆ ಹೆಕ್ಕಿದ ಮಾಹಿತಿಗೆ ಕಳೆದುಹೋಗುವುದಕ್ಕಿಂತ ಉಳಿದುಬಿಡುವುದೇ ದೊಡ್ಡ ಅಪಾಯ. ‘ಅವಧಿ’ಯನ್ನು ಆಟ್ರಿಬ್ಯೂಟ್ ಆಗಿ ಪಟ್ಟಿಯಲ್ಲಿ ತೋರಿಸಿದಿರಿ ಎನ್ನೋಣ. ಬ್ಯಾಕಪ್ ತಂತ್ರಾಂಶ ಅದನ್ನು ನಿಷ್ಠೆಯಿಂದ ಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್) ಡಿಸ್ಕ್‌ಗೆ ನಕಲಿಸುತ್ತದೆ. ಅಲ್ಲಿ ಅದು ಲೆಕ್ಕ ಹಾಕಿದ ಮೌಲ್ಯವಾಗಿ ಉಳಿಯದೆ ಹೆಪ್ಪುಗಟ್ಟಿದ ಅಕ್ಷರವಾಗುತ್ತದೆ. ಆಮೇಲೆ ಯಾರಾದರೂ ಹಾಡನ್ನು ಕತ್ತರಿಸಿದರೂ ಹಳೆಯ ಅವಧಿಯೇ ಅಂಟಿಕೊಂಡಿರುತ್ತದೆ. ಸೆಫ್ ಫೈಲ್‌ಸಿಸ್ಟಮ್ ಇಂಥ ಲೆಕ್ಕದ ಆಟ್ರಿಬ್ಯೂಟ್‌ಗಳನ್ನು ಹೆಸರು ಹಿಡಿದು ಕೇಳಿದರೆ ಮಾತ್ರ ಕೊಡುತ್ತದೆ, ಪಟ್ಟಿಯಲ್ಲಿ ತೋರಿಸುವುದಿಲ್ಲ. ಜಾಣ ದಾರಿ.

ಆದ್ದರಿಂದ ನನ್ನ ಸಲಹೆ: ಹಾಡುಗಳ ಮರವನ್ನು ಮುಟ್ಟಬೇಡಿ. ಪಕ್ಕದಲ್ಲಿ ಓದಲು ಮಾತ್ರ ಬರುವ ಇನ್ನೊಂದು ಮರ ಬೆಳೆಸಿ. ಅಲ್ಲಿ ಹಾಡಿನ ಹೆಸರಿನದು ಬರೀ ಡೈರೆಕ್ಟರಿ, ಒಳಗೆ ಒಂದು ಫೈಲಿಗೆ ಒಂದು ಮೌಲ್ಯ. ಯಂತ್ರದ ವಿವರಗಳನ್ನು ಫೈಲ್‌ಗಳಾಗಿ ತೋರಿಸುವ ಲಿನಕ್ಸ್‌ನ ಸಿಸ್‌ಎಫ್‌ಎಸ್‌ನದೂ ಇದೇ ಪದ್ಧತಿ. ನಿಮ್ಮ ‘ಕ್ಯಾಟ್’ ಆಸೆಯೂ ತೀರುತ್ತದೆ. ಒಂದು ಎಚ್ಚರಿಕೆ: ಲೆಕ್ಕ ಹಾಕುವ ಮೊದಲು ಗಾತ್ರ ಗೊತ್ತಿಲ್ಲವೆಂದು ಸೊನ್ನೆ ಹೇಳಿದರೆ ಕರ್ನಲ್ ನಿಮ್ಮನ್ನು ನಂಬಿ ಏನನ್ನೂ ಓದುವುದಿಲ್ಲ. ಫೈಲ್ ತೆರೆಯುವಾಗ ಫ್ಯೂಸ್‌ನ ಡೈರೆಕ್ಟ್ ಐಒ ಆಯ್ಕೆ (ಹೇಳಿದ ಗಾತ್ರ ನೋಡದೆ ನೇರವಾಗಿ ನಿಮ್ಮನ್ನೇ ಕೇಳುವಂಥದ್ದು) ಹಾಕಿ. ನಿಜ ಗಾತ್ರ ಹೇಳುತ್ತೇನೆಂದು ಹೊರಟರೆ ಪಟ್ಟಿ ತೋರಿಸುವ ಒಂದು ‘ಎಲ್‌ಎಸ್’ ಹೊಡೆದಾಗ ಸಾವಿರ ಹಾಡು ತೆರೆಯಬೇಕಾದೀತು.

ರೇಟಿಂಗನ್ನು ನಿಜವಾದ ಡಿಸ್ಕಿನಲ್ಲಿ, ನಿಮ್ಮದೇ ಡೇಟಾಬೇಸ್‌ನಲ್ಲಿ ಇಡಿ. ಆಟ್ರಿಬ್ಯೂಟ್ ಅದರ ಪ್ರತಿಯಾಗಿರಲಿ. ‘ಎಕೋ’ ಆಜ್ಞೆಯಿಂದ ಫೈಲಿಗೆ ಬರೆದು ರೇಟಿಂಗ್ ಬದಲಿಸುವ ಸೌಕರ್ಯ ಬೇಡ: ಬರೆಯುವ ಮೊದಲು ಶೆಲ್ (ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮ್) ಆ ಫೈಲನ್ನು ಖಾಲಿ ಮಾಡುತ್ತದೆ, ಆ ಕ್ಷಣದಲ್ಲಿ ಓದಿದವರಿಗೆ ನಿಮ್ಮ ಮೆಚ್ಚಿನ ಹಾಡಿಗೆ ರೇಟಿಂಗೇ ಇರುವುದಿಲ್ಲ.

ಪ್ರಶ್ನೆ: ಲಿನಕ್ಸ್‌ನ ‘ಸಿಟೈಮ್’ ಎಂದರೆ ಫೈಲ್ ಹುಟ್ಟಿದ ಸಮಯವೇ?

ಉತ್ತರ: ಅಲ್ಲ. ಐನೋಡ್ (ಫೈಲಿನ ಬಗೆಗಿನ ವಿವರಗಳ ದಾಖಲೆ) ಕೊನೆಯ ಸಲ ಬದಲಾದ ಸಮಯ; ಅನುಮತಿ ಬದಲಿಸಿದರೂ ಅದು ಬದಲಾಗುತ್ತದೆ. ಎಕ್ಸ್‌ಟಿ4 ಹುಟ್ಟಿದ ಸಮಯವನ್ನೂ ಬರೆದಿಡುತ್ತಿತ್ತು, ಹೊರಗೆ ತೋರಿಸಲು ಕಿಟಕಿ ಇರಲಿಲ್ಲ. ಫೈಲಿನ ವಿವರ ಕೇಳುವ ಕರೆ ‘ಸ್ಟ್ಯಾಟ್’ ಕೊಡುವ ರಚನೆಯ ಆಕಾರ ಹಳೆಯ ಪ್ರೋಗ್ರಾಮ್‌ಗಳಲ್ಲಿ ಅಚ್ಚೊತ್ತಿಹೋಗಿದ್ದರಿಂದ ಹೊಸ ಅಂಕಣ ಸೇರಿಸುವಂತಿರಲಿಲ್ಲ. 2017ರ ಲಿನಕ್ಸ್ 4.11ರಲ್ಲಿ ‘ಸ್ಟ್ಯಾಟ್‌ಎಕ್ಸ್’ ಬಂದ ಮೇಲೆ ಇದು ಸಾಧ್ಯವಾಯಿತು. ಏನೇನು ಬೇಕೆಂದು ನೀವು ಬಿಟ್‌ಗಳಲ್ಲಿ ಕೇಳುತ್ತೀರಿ, ಏನೇನು ಸಿಕ್ಕಿತೆಂದು ಅದೂ ಬಿಟ್‌ಗಳಲ್ಲೇ ಹೇಳುತ್ತದೆ. ಆ ಉತ್ತರದ ಬಿಟ್ ನೋಡದೆ ಸೊನ್ನೆಯನ್ನೇ ದಿನಾಂಕವೆಂದು ತೋರಿಸಿದರೆ, ಕಾಲದ ಎಣಿಕೆ ಶುರುವಾಗುವುದೇ ಅಲ್ಲಿಂದ ಆದ್ದರಿಂದ ಫೈಲ್ 1970ರ ಜನವರಿ 1ರಂದು ಹುಟ್ಟಿದಂತೆ ಕಾಣುತ್ತದೆ.