ಸ್ಟೀರಿಂಗ್ ರ‍್ಯಾಕ್: ಮನೆಯಲ್ಲಿ ಬದಲಾಯಿಸಬಹುದೇ?

ಪ್ರಶ್ನೆ: ನನ್ನದು ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೆಯ ಕಾರು. ಸ್ಟೀರಿಂಗ್ ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದು, ತಿರುವಿನಲ್ಲಿ ಪಂಪ್ ಗುಂಯ್‌ಗುಡುತ್ತದೆ. ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಂತೆ ಮುಂದಿನ ಗಾಲಿಗಳನ್ನು ತಿರುಗಿಸುವ ಹಲ್ಲುದಂಡದ ಜೋಡಣೆ) ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳಿದ್ದಾರೆ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ನಾನೇ ಹಾಕಿಕೊಂಡ ಅನುಭವವಿದೆ. ಇದನ್ನೂ ಮನೆಯಲ್ಲಿ ಮಾಡಬಹುದೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾಡಬಹುದು. ಆದರೆ ಹೊಸ ರ‍್ಯಾಕಿಗೆ ಹಣ ತೆರುವ ಮೊದಲು ಸೋರಿಕೆ ಎಲ್ಲಿಂದ ಎಂಬುದನ್ನು ನೀವೇ ಕಣ್ಣಾರೆ ನೋಡಿಕೊಳ್ಳಿ. ಪಂಪಿನ ಸೀಲಿನಿಂದಲೋ ಹೋಸಿನ ಕ್ಲಿಪ್ಪಿನಿಂದಲೋ ಜಿನುಗಿದ ಆಯಿಲ್ ಇಳಿದು ಬಂದು ರ‍್ಯಾಕಿನ ಮೇಲೆ ನಿಲ್ಲುವುದುಂಟು. ಕೆಳಭಾಗವನ್ನು ತೊಳೆದು ಒರೆಸಿ, ಸ್ವಲ್ಪ ಓಡಿಸಿ, ರ‍್ಯಾಕಿನ ಎರಡೂ ತುದಿಯ ರಬ್ಬರ್ ಬೂಟುಗಳನ್ನು (ಮಡಿಕೆ ಮಡಿಕೆಯ ಹೊದಿಕೆಗಳನ್ನು) ಹಿಚುಕಿ ನೋಡಿ. ಕ್ಲಿಪ್ ಸಡಿಲಿಸಿದೊಡನೆ ಬೂಟಿನೊಳಗಿಂದ ಆಯಿಲ್ ಸುರಿದರೆ ಒಳಗಿನ ಸೀಲ್ ಹೋಗಿದೆ ಎಂದೇ ಅರ್ಥ. ನಮ್ಮ ಕಡೆಯ ಹಳ್ಳಿ ರಸ್ತೆಗಳ ಧೂಳು ಹರಿದ ಬೂಟಿನೊಳಗೆ ಹೊಕ್ಕರೆ ರ‍್ಯಾಕಿನ ನಯವಾದ ದಂಡ ಗೀರುಬಿದ್ದು ಸೀಲನ್ನು ತಿಂದುಹಾಕುತ್ತದೆ. ಆದ್ದರಿಂದ ಹರಿದ ಬೂಟನ್ನು ಕಂಡಾಗಲೇ ಬದಲಾಯಿಸುವುದು ಒಳ್ಳೆಯದು.

ಇನ್ನು ಕೆಲಸದ ವಿಚಾರ. ಕೆಲವು ಕಾರುಗಳಲ್ಲಿ ರ‍್ಯಾಕ್ ಹೊರಬರಬೇಕಾದರೆ ಸಬ್‌ಫ್ರೇಮನ್ನೇ (ಎಂಜಿನ್ ಕೆಳಗಿನ ಆಧಾರ ಚೌಕಟ್ಟು) ಕೆಳಗಿಳಿಸಬೇಕಾಗುತ್ತದೆ. ನಿಮ್ಮ ಕಾರು ಅಂಥದ್ದಾಗಿದ್ದರೆ ಲಿಫ್ಟ್ ಇರುವ ಗ್ಯಾರೇಜಿಗೇ ಕೊಡಿ. ಅಲ್ಲವಾದರೆ ಗಟ್ಟಿಯಾದ ಸಮತಟ್ಟು ನೆಲದಲ್ಲಿ ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಕೊಳ್ಳಿ. ಬರೀ ಜ್ಯಾಕನ್ನು ನಂಬಿ ಯಾವ ಕಾರಣಕ್ಕೂ ಕೆಳಗೆ ನುಸುಳಬೇಡಿ.

ಬಹಳ ಮಂದಿ ಎಡವುವುದು ಸ್ಟೀರಿಂಗ್ ಚಕ್ರದ ವಿಷಯದಲ್ಲಿ. ಗಾಲಿಗಳನ್ನು ನೇರವಾಗಿಟ್ಟು, ಸ್ಟೀರಿಂಗನ್ನು ಲಾಕ್ ಮಾಡಿ ಅಥವಾ ಸೀಟ್ ಬೆಲ್ಟಿನಿಂದ ಬಿಗಿದು, ಚಕ್ರದಿಂದ ಇಳಿಯುವ ಶಾಫ್ಟ್ ಮತ್ತು ಪಿನಿಯನ್ (ರ‍್ಯಾಕನ್ನು ಸರಿಸುವ ಸಣ್ಣ ಹಲ್ಲುಚಕ್ರ) ಸೇರುವಲ್ಲಿ ಬಣ್ಣದಿಂದ ಗುರುತು ಹಾಕಿದ ಮೇಲೆಯೇ ಬೋಲ್ಟ್ ಬಿಚ್ಚಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಚಕ್ರದ ಕೆಳಗೆ ಸುರುಳಿಯಾಗಿ ಸುತ್ತಿದ ತೆಳುವಾದ ಪಟ್ಟಿ ಕೇಬಲ್ ಇರುತ್ತದೆ. ಅದನ್ನು ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಶಾಫ್ಟ್ ಬಿಟ್ಟುಕೊಂಡ ಮೇಲೆ ಚಕ್ರವನ್ನು ತಡೆಯುವುದು ಯಾವುದೂ ಇರುವುದಿಲ್ಲವಾದ್ದರಿಂದ, ಅದು ಮಿತಿಮೀರಿ ತಿರುಗಿ ಆ ಪಟ್ಟಿ ತುಂಡಾದರೆ ಹಾರ್ನ್ ಮತ್ತು ಏರ್‌ಬ್ಯಾಗ್ ಎರಡೂ ಕೈಕೊಡುತ್ತವೆ.

ಟೈ ರಾಡ್ ಎಂಡ್ (ರ‍್ಯಾಕಿನ ತುದಿಯನ್ನು ಗಾಲಿಗೆ ಜೋಡಿಸುವ ಕೀಲು) ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಪೈಪುಗಳ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರನ್ನೇ (ನಟ್ಟನ್ನು ಬಹುತೇಕ ಸುತ್ತಲೂ ಹಿಡಿಯುವಂಥದ್ದು) ಬಳಸಿ. ಮಾಮೂಲಿ ಸ್ಪ್ಯಾನರಿನಿಂದ ಮೂಲೆಗಳು ಸವೆದು ನಟ್ ದುಂಡಾಗುತ್ತದೆ. ಸೀಲಿಂಗ್ ವಾಷರ್ ಹಾಗೂ ಸ್ಪ್ಲಿಟ್ ಪಿನ್‌ಗಳು ಹೊಸವೇ ಆಗಿರಲಿ. ಹಳೆಯ ಆಯಿಲಿನಲ್ಲಿರುವ ಲೋಹದ ಪುಡಿ ಹೊಸ ಸೀಲನ್ನೂ ಕೆಡಿಸುವುದರಿಂದ ಡಬ್ಬಿ ಮತ್ತು ಪೈಪುಗಳನ್ನು ಪೂರ್ತಿ ಖಾಲಿಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಆಯಿಲನ್ನೇ ತುಂಬಿ. ಬ್ರೇಕ್ ಆಯಿಲ್ ಎಂದಿಗೂ ಬೇಡ, ಅದು ಇಲ್ಲಿನ ರಬ್ಬರ್ ಸೀಲುಗಳನ್ನು ಹಾಳುಮಾಡುತ್ತದೆ.

ಗಾಳಿ ತೆಗೆಯುವ ಕೆಲಸದಲ್ಲಿ ಆತುರ ಸಲ್ಲದು. ಮುಂದಿನ ಗಾಲಿಗಳು ನೆಲದಿಂದ ಮೇಲಿರುವಾಗ, ಎಂಜಿನ್ ಚಾಲೂ ಮಾಡದೆ, ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸುತ್ತಾ, ಡಬ್ಬಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಆಯಿಲ್ ಹಾಕುತ್ತಿರಿ. ಆಮೇಲೆ ಎಂಜಿನ್ ಚಾಲೂ ಮಾಡಿ ಅದನ್ನೇ ಪುನಃ ಮಾಡಿ, ಆದರೆ ಕೊನೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿದು ನಿಲ್ಲಿಸಬೇಡಿ. ಎಲ್ಲ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿದ ಮೇಲೆ ನಿಧಾನವಾಗಿ ನೇರ ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಅದು ಮುಗಿಯುವವರೆಗೆ ಹೆದ್ದಾರಿ 48ಕ್ಕೆ ಏರುವುದು ಬೇಡ.

ಪ್ರಶ್ನೆ: ನನ್ನ ಕಾರಿನಲ್ಲಿ ಸ್ಟೀರಿಂಗ್ ಆಯಿಲಿನ ಡಬ್ಬಿಯೇ ಇಲ್ಲ. ತಗ್ಗುಗುಂಡಿಯಲ್ಲಿ ಮುಂಭಾಗ ಕಟಕಟ ಎನ್ನುತ್ತದೆ. ರ‍್ಯಾಕ್ ಹೋಗಿರಬಹುದೇ?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರಬೇಕು, ಅದರಲ್ಲಿ ಮೋಟಾರೇ ನೆರವಾಗುವುದರಿಂದ ಆಯಿಲ್ ಬೇಕಿಲ್ಲ. ರ‍್ಯಾಕನ್ನು ಸಂಶಯಿಸುವ ಮೊದಲು ಗಾಲಿಯ ಬಳಿಯ ಕೀಲು, ಜೋಡಣೆಗಳಾದ ಲಿಂಕ್ ರಾಡ್, ಲೋಯರ್ ಆರ್ಮ್ ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್‌ಗಳನ್ನು ಪರೀಕ್ಷಿಸಿ. ಇವೆಲ್ಲ ರ‍್ಯಾಕಿಗಿಂತ ಬಹಳ ಅಗ್ಗ. ಮೋಟಾರು ರ‍್ಯಾಕಿನ ಮೇಲೆಯೇ ಇದ್ದು ಅದನ್ನೇ ಬದಲಾಯಿಸಬೇಕಾಗಿ ಬಂದರೆ, ಸ್ಕ್ಯಾನರ್ ಜೋಡಿಸಿ ಸೆನ್ಸರ್ ಹೊಂದಿಸಬೇಕಾಗಬಹುದಾದ್ದರಿಂದ ಆ ಕೆಲಸವನ್ನು ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ.